ಲೋರಾಂಡನ ಪೆನ್ಸಿಲ್

ಮೂರು ವರ್ಷ ವಿಲ್ಮಾ ಹಲ್ಲು ಕಚ್ಚಿಕೊಂಡು ಕಾದಳು. ಶಾರ್ಹೆಜ್ ಊರಿನಲ್ಲಿ ಏಪ್ರಿಲ್ ಕೊನೆಗೆ ಬರುವ ಸಂತ ಜಾರ್ಜನ ಹಬ್ಬದ ದಿನ ದ್ರಾಕ್ಷಿಯ ಚಿಗುರು ಕೊಯ್ದು ತರುವ ಸರದಿ ಮನೆಯಿಂದ ಮನೆಗೆ ತಿರುಗುತ್ತದೆ. ಸರದಿ ಬಂದವರು ಯಾರ ತೋಟಕ್ಕೆ ಬೇಕಾದರೂ ಕತ್ತರಿ ಹಿಡಿದು ಹೋಗಬಹುದು, ಯಾರೂ ಕೇಳುವಂತಿಲ್ಲ. ತಂದ ಚಿಗುರನ್ನು ಪುರಸಭೆಯ ದಪ್ಪ ಪುಸ್ತಕದ ಮೇಲೆ ಮಲಗಿಸಿ, ಇದ್ದಷ್ಟೇ ಉದ್ದಕ್ಕೆ ಅದರ ಚಿತ್ರ ಬರೆಯಬೇಕು. ಹಂಗೇರಿಗೆ ಯಾವ ಯುದ್ಧ ಬಂದರೂ ಇನ್ನೂರು ವರ್ಷದಿಂದ ಇದು ತಪ್ಪಿಲ್ಲ. ಈ ಸಲ ಸರದಿ ವಿಲ್ಮಾಳದು.

ಇಪ್ಪತ್ತಾರು ವರ್ಷ ಆ ಚಿತ್ರ ಬರೆದವನು ಅವಳ ಗಂಡ ಲೋರಾಂಡ್. ಚಳಿಗಾಲ ಮೊಟಕಾದಂತೆಲ್ಲ ಅವನ ಪುಟಗಳಲ್ಲಿ ಚಿಗುರು ಉದ್ದವಾಗುತ್ತಾ ಬಂತು. ನಿವೃತ್ತ ಭೂಗೋಳದ ಮೇಷ್ಟ್ರು ಬಾರ್ನಾಗೆ ಅದು ಹಿಡಿಸಲಿಲ್ಲ. ಭೂಮಿ ತಾನಾಗಿ ಕಾಯುತ್ತದೆ, ತಾನಾಗಿ ಆರುತ್ತದೆ, ಎಲ್ಲ ಸೂರ್ಯನ ಆಟ, ಮನುಷ್ಯನ ಹೊಗೆಯದೇನೂ ಪಾತ್ರವಿಲ್ಲ ಎಂದು ಸಿಕ್ಕಸಿಕ್ಕಲ್ಲಿ ಭಾಷಣ ಬಿಗಿಯುತ್ತಿದ್ದ ಆಸಾಮಿ ಅವನು. ಕಾರಿಲ್ಲದ ಕಾಲದ ಹಳೆಯ ಪುಟಗಳಲ್ಲಿ ಎಲ್ಲೋ ಒಂದು ಉದ್ದದ ಚಿಗುರು ಕಂಡರೆ, ಆಗಲೂ ಸೆಕೆಯಿತ್ತು ನೋಡಿ ಎಂದು ಕುಣಿದಾಡುತ್ತಿದ್ದ. ಲೋರಾಂಡನ ಪುಟಗಳು ಮಾತ್ರ ಅವನ ವಾದಕ್ಕೆ ಒಗ್ಗಲಿಲ್ಲ. ಆಗ, ಲೋರಾಂಡ್ ಬೇಕೆಂದೇ ಉದ್ದಕ್ಕೆ ಎಳೆದು ಬರೆಯುತ್ತಾನೆ ಎಂದುಬಿಟ್ಟ.

ಪುರಸಭೆ ಪೆನ್ಸಿಲನ್ನು ಲೋರಾಂಡನಿಂದ ಕಿತ್ತು ಬಾರ್ನಾನ ಕೈಗೇ ಕೊಟ್ಟಿತು. ಅವನು ಮೊದಲು ಮಾಡಿದ ಕೆಲಸವೆಂದರೆ, ಆ ಇಪ್ಪತ್ತಾರು ಪುಟಗಳ ಕೆಳಗೂ ಸಣ್ಣಗೆ 'ಅನುಮಾನಾಸ್ಪದ' ಎಂದು ಬರೆದದ್ದು. ಆ ಚಳಿಗಾಲದಲ್ಲೇ ಲೋರಾಂಡ್ ತೀರಿಕೊಂಡ. ಡಾಕ್ಟರು ಹೃದಯದ ತೊಂದರೆ ಎಂದರು. ವಿಲ್ಮಾ ಹೃದಯವನ್ನು ದೂರಲಿಲ್ಲ.

ಹಬ್ಬದ ಬೆಳಿಗ್ಗೆ ಊರವರೆಲ್ಲ ಪುರಸಭೆಯಲ್ಲಿ ಸೇರಿದ್ದರು. ವಿಲ್ಮಾ ಬುಟ್ಟಿಯ ಬಟ್ಟೆ ಸರಿಸಿ ಚಿಗುರನ್ನು ಮೇಜಿನ ಮೇಲಿಟ್ಟಳು. ಅದು ಕಪ್ಪಗೆ ಸುಟ್ಟು ಜೋತುಬಿದ್ದಿತ್ತು.

"ಏನಮ್ಮಾ ವಿಲ್ಮಾ, ಸತ್ತದ್ದನ್ನ ತಂದಿದ್ದೀಯಲ್ಲ?" ಬಾರ್ನಾ ಕನ್ನಡಕ ಏರಿಸಿದ. "ಪಾಪ, ಮೊನ್ನೆ ಹಿಮ ಬಿದ್ದು ತಗ್ಗಿನ ತೋಟದವರಿಗೆ ಹೊಡೆತ. ನನ್ನದು ಮೇಲಿದೆ, ಬಚಾವಾಯ್ತು. ಭೂಮಿ ಬಿಸಿಯಾಗ್ತಿದೆ ಅಂತ ಬಡ್ಕೊಳ್ತಿದ್ದೋರು ಈಗೆಲ್ಲಿ?"

ಮಂಡಿಯ ಆಪರೇಷನ್ ಆಗಿ ಅವನು ಒಂದು ತಿಂಗಳಿಂದ ಗುಡ್ಡ ಹತ್ತಿ ತನ್ನ ತೋಟ ನೋಡಿರಲಿಲ್ಲ. ಅದು ವಿಲ್ಮಾಳಿಗೆ ಚೆನ್ನಾಗಿ ಗೊತ್ತಿತ್ತು.

"ಫೆಬ್ರವರಿಲೇ ಸೆಕೆ ಶುರುವಾಗಿ ಚಿಗುರು ಎದ್ದುಬಿಡ್ತು ಮೇಷ್ಟ್ರೇ. ಇನ್ನೂ ಮೊಗ್ಗಲ್ಲೇ ಮಲಗಿದ್ದಿದ್ರೆ ಹಿಮ ಏನೂ ಮಾಡ್ತಿರ್ಲಿಲ್ಲ. ಇರ್ಲಿ, ಬರೀರಿ. ತಂದದ್ದನ್ನ ಬರೀಬೇಕು ತಾನೇ?"

ಬಾರ್ನಾ ಚಿಗುರನ್ನು ಪುಟದ ಮೇಲೆ ಮಲಗಿಸಿದ. ಅದರ ತುದಿ ಪುಟ ದಾಟಿ ಮೇಜಿನ ಮೇಲೆ ಬಿತ್ತು. ಲೋರಾಂಡ್ ಬರೆದ ಅತಿ ಉದ್ದದ ಚಿಗುರೂ ಪುಟದೊಳಗೇ ಇತ್ತು. ಬಾರ್ನಾ ಮೆಲ್ಲಗೆ ತುದಿಯನ್ನು ಬಗ್ಗಿಸಲು ನೋಡಿದ.

"ಇದ್ದಷ್ಟೇ ಬರೀಬೇಕು ಮೇಷ್ಟ್ರೇ," ಎಂದರು ಮೇಯರ್.

ಕೊನೆಗೆ ಇನ್ನೊಂದು ಹಾಳೆ ಅಂಟಿಸಿ ಬರೆದ, ಕೆಳಗೆ ಸಹಿ ಹಾಕಿದ, ಪೆನ್ಸಿಲ್ ಕುಕ್ಕಿದ. "ಬಿಸಿಲಿಗೆ ಕಾದ ಯಾವ ಗೋಡೆ ಪಕ್ಕದಿಂದ ಹೆಕ್ಕಿದೆ ಇದನ್ನ? ಗಂಡ ಹೆಂಡ್ತಿ ಇಬ್ಬರದೂ ಒಂದೇ ಕಸುಬು."

ವಿಲ್ಮಾ ಈ ಮಾತಿಗೇ ಕಾದಿದ್ದಳು. ಜೇಬಿನಿಂದ ಒಂದು ತುಂಡು ಕೆಂಪು ಉಣ್ಣೆ ದಾರ ತೆಗೆದು ಚಿಗುರಿನ ಪಕ್ಕದಲ್ಲಿಟ್ಟಳು. ಬಳ್ಳಿಗೆ ಕೆಂಪು ಉಣ್ಣೆ ಕಟ್ಟುವವನು ಊರಿಗೆಲ್ಲ ಒಬ್ಬನೇ.

"ನಿಮ್ಮ ತೋಟದ್ದೇ. ಅಕ್ರೋಟ್ ಮರದ ಪಕ್ಕದ ಸಾಲು. ಈ ದಾರ ನೀವೇ ಕಟ್ಟಿದ್ದಲ್ವಾ?"

ಬಾರ್ನಾನ ಮುಖ ಬಿಳಿಚಿಕೊಂಡಿತು. ವಿಲ್ಮಾಳಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ತುಂಬಾ ತಣ್ಣಗಾಯಿತು.

"ಮನುಷ್ಯನಿಂದ ಭೂಮಿ ಬಿಸಿಯಾಗಲ್ಲ ಅಂತೀರಿ. ಕೋಟಿ ಕಾರು, ಕೋಟಿ ಚಿಮಣಿ ಸೇರಿದ್ರೂ ಆಗಲ್ವಂತೆ. ಆದ್ರೆ ನನ್ನ ಗಂಡನ ಒಂದು ಪೆನ್ಸಿಲ್‌ನಿಂದ ಆಯ್ತಾ? ಈಗ ನಿಮ್ಮ ಸಹಿ ಕೆಳಗೂ ಅನುಮಾನಾಸ್ಪದ ಅಂತ ಬರೀರಿ. ಇಲ್ಲಾ, ಅವನ ಪುಟದಲ್ಲಿರೋದನ್ನ ಅಳಿಸಿ."

"ಚಿಗುರು ಉದ್ದ ಆದ ಮಾತ್ರಕ್ಕೆ ಮನುಷ್ಯನೇ ಕಾರಣ ಅಂತ ಆಗಲ್ಲ," ಅವನ ಸ್ವರ ಉಡುಗಿತ್ತು.

"ಆ ವಾದ ಸಾಯೋವರೆಗೂ ಮಾಡ್ಕೊಳ್ಳಿ, ಯಾರು ಬೇಡ ಅಂದ್ರು? ನನ್ನ ಗಂಡ ಸುಳ್ಳುಗಾರ ಅಲ್ಲ. ಅದನ್ನ ಅಳಿಸಿ." ಲೋರಾಂಡನ ಸವೆದ ರಬ್ಬರನ್ನು ಅವಳು ಮುಂದೆ ತಳ್ಳಿದಳು.

ಬಾರ್ನಾ ಮೇಯರ್ ಕಡೆ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಅವನು ಲೋರಾಂಡನ ಪುಟಗಳಿಗೆ ತಿರುವಿ ಉಜ್ಜತೊಡಗಿದ. ನಾಲ್ಕನೆಯ ಪುಟ ಮುಗಿದ ಮೇಲೆ ಕೈ ನಿಂತಿತು.

"ವಿಲ್ಮಾ... ಆ ಒಂದು ಸಾಲಿನ ಬಳ್ಳಿ ಮಾತ್ರ ತಾನೇ ಸುಟ್ಟಿದ್ದು? ಮಿಕ್ಕ ತೋಟ ಉಳಿದಿದೆಯಲ್ಲಾ?"

ಅವಳು ಆ ತೋಟದ ಸಾಲು ಸಾಲನ್ನೂ ನಡೆದು ನೋಡಿ ಬಂದಿದ್ದಳು. ಬುಟ್ಟಿಯಿಂದ ಒಂದು ಬೆಣ್ಣೆಯ ಪೊಗಾಚಾ ಬನ್ನು ತೆಗೆದು, ಕುರ್ಚಿ ಎಳೆದು ಅವನೆದುರೇ ಕುಳಿತಳು.

"ಇನ್ನೂ ಇಪ್ಪತ್ತೆರಡು ಪುಟ ಇದೆ ಮೇಷ್ಟ್ರೇ. ಮೊದ್ಲು ಅಳಿಸಿ. ಆಮೇಲೆ ಹೇಳ್ತೀನಿ."