ಕತ್ತದ ಹಗ್ಗ

ಕಟ್ಟಬೇಕಾದ್ದು ಬಟ್ಟೆಯನ್ನಲ್ಲ, ಗಾಳಿಯನ್ನು ಎಂದು ಶಿವಲೀಲಾಳ ಗಂಡ ಅಡವೀಶಪ್ಪ ಹೇಳುತ್ತಿದ್ದ. ಹಾನುಬಾಳಿನಲ್ಲಿ ಅವನದೊಂದು ಶಾಮಿಯಾನ ಅಂಗಡಿ ಇತ್ತು. ಆಳುಗಳು ಕೈಕೊಟ್ಟ ದಿನ ಅವಳೇ ಜೊತೆಗೆ ಹೋಗಿ ಹಗ್ಗ ಹಿಡಿಯುತ್ತಿದ್ದಳು. ಹಿಡಿದು ಹಿಡಿದೇ ಯಾವ ಗಂಟು ಎಳೆದಷ್ಟೂ ಬಿಗಿಯುತ್ತದೆ, ಯಾವುದು ಜಾರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಾಗಿತ್ತು. ಕಾಮಾಲೆಯಾಗಿ ಅವನು ಹೋಗಿ ಆರು ವರ್ಷ. ಅಂಗಡಿಯೂ ಹೋಯಿತು. ತೆಂಗಿನ ನಾರಿನ ಕತ್ತದ ಹಗ್ಗ ಒಂದು ಚೀಲ ಮಾತ್ರ ಅವಳ ಕೋಣೆಯ ಅಟ್ಟದ ಮೇಲೆ ಉಳಿದಿತ್ತು.

ಮಕ್ಕಳಿಲ್ಲದ ಅವಳನ್ನು ಅತ್ತೆ ಪಾರ್ವತಮ್ಮ ಹೋಗು ಎಂದವರಲ್ಲ, ಇರು ಎಂದವರೂ ಅಲ್ಲ. ಮೈದುನ ರೇಣುಕಪ್ಪನಿಗೆ ಮೋಹಿತ್ ಹುಟ್ಟಿದ ಮೇಲೆ ಆ ಮನೆಯಲ್ಲಿ ಅವಳಿಗೊಂದು ಜಾಗವಾಯಿತು. ತಾಯಿಯ ಹಾಲು ಕುಡಿದು ಮುಗಿಸಿದೊಡನೆ ಮಗು ಅವಳ ಕಡೆ ಕೈ ಚಾಚುತ್ತಿತ್ತು. ಅವಳ ಮಡಿಲಲ್ಲದೆ ನಿದ್ದೆಯಿಲ್ಲ, ಅವಳ ಕೈತುತ್ತಲ್ಲದೆ ಊಟವಿಲ್ಲ. ವಾರಗಿತ್ತಿ ಸ್ನೇಹಾ ಹಾಸನದ ಹುಡುಗಿ, ಅದಕ್ಕೆ ಹೊಟ್ಟೆಯುರಿದುಕೊಂಡವಳಲ್ಲ. "ಹೆತ್ತೋಳು ನಾನು, ಅವನಿಗೆ ಬೇಕಾದೋರು ನೀವು. ನನ್ನ ಕೆಲಸ ಹಗುರಾಯ್ತು ಬಿಡಿ ಅಕ್ಕ" ಎಂದು ನಗುತ್ತಿದ್ದಳು. ಆ ಒಂದು ಮಗುವಿನ ಭಾರ ಬಿಟ್ಟರೆ ಶಿವಲೀಲಾಳ ತೋಳಿಗೆ ತನ್ನದು ಅನ್ನುವಂಥದ್ದು ಇನ್ನೇನೂ ಇರಲಿಲ್ಲ.

ಜನವರಿಯಲ್ಲಿ ಮಗುವಿಗೆ ವರ್ಷ ತುಂಬಿತು. ಹಾಸನಕ್ಕೆ ಫ್ಲೆಕ್ಸ್ ಬಂದ ಹೊಸತು. ರೇಣುಕಪ್ಪ ಹತ್ತಡಿ ಅಗಲದ ಬ್ಯಾನರು ಮಾಡಿಸಿ, ಮರದ ಪಟ್ಟಿಗಳ ಚೌಕಟ್ಟಿಗೆ ಮೊಳೆ ಹೊಡೆಸಿ ಜೀಪಿನ ಮೇಲೆ ಹೊತ್ತು ತಂದ. ನೀಲಿಯ ನಡುವೆ ಮೋಹಿತನ ಮುಖ, ಸುತ್ತ ಬಲೂನು. ಸಕಲೇಶಪುರದ ಬೇಕರಿಗಳನ್ನೆಲ್ಲ ತಡಕಿ ಮೊಟ್ಟೆ ಹಾಕದ ಕೇಕನ್ನೂ ತಂದಿದ್ದ. ಅಂಗಳದ ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನು ಒಂದು ಮೂಲೆಗೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿ, ಕುರ್ಚಿಗೆ ಜಾಗ ಮಾಡಿದ್ದರು.

"ಅಕ್ಕ, ಕಟ್ಟೋದೆಲ್ಲ ನಿಮ್ಮದೇ ಕೆಲಸ. ಇವರ ಕೈಗೆ ಸುತ್ತಿಗೆ ಕೊಟ್ರೆ ಮೊಳೆ ಬಿಟ್ಟು ಬೆರಳಿಗೇ ಹೊಡ್ಕೋತಾರೆ" ಎಂದಳು ಸ್ನೇಹಾ.

"ಹೂಂ ಕಣೇ, ನಿಮ್ಮಪ್ಪ ನೋಡಿ ನೋಡಿ ಇಂಥೋನಿಗೇ ಕೊಟ್ಟ" ಎಂದ ರೇಣುಕಪ್ಪ.

ಶಿವಲೀಲಾ ಮೊದಲು ಒಳಗಿನ ಕೆಲಸ ಮುಗಿಸಿದಳು. ನಡುಮನೆಯ ಗೋಡೆಗೆ ಸುಣ್ಣ ಬಳಿದಿದ್ದರಿಂದ ಟೇಪು ಹಚ್ಚಿದರೆ ಸುಣ್ಣದ ಹಕ್ಕಳೆಯೊಡನೆ ಕಿತ್ತು ಬರುತ್ತಿತ್ತು. ಅವಳು ಬಣ್ಣದ ಕಾಗದದ ಅಕ್ಷರಗಳನ್ನು ದಾರಕ್ಕೆ ಪೋಣಿಸಿ, ಈ ಕಿಟಕಿಯ ಸರಳಿನಿಂದ ಆ ಕಿಟಕಿಯ ಸರಳಿಗೆ ಎಳೆದು ಕಟ್ಟಿದಳು.

ಹೊರಗಿನದು ಅಷ್ಟು ಸುಲಭವಲ್ಲ. ಆ ಗುಡ್ಡದ ಮನೆಗೆ ಮಧ್ಯಾಹ್ನ ಮೂರು ದಾಟಿದರೆ ಕಣಿವೆಯಿಂದ ಗಾಳಿ ಏರಿ ಬರುತ್ತದೆ. ಅವಳು ಅಟ್ಟದಿಂದ ಹಗ್ಗ ಇಳಿಸಿದಳು. ಜಗಲಿಯ ಮುಂದೆ ಬ್ಯಾನರನ್ನು ಎತ್ತಿ, ಮೇಲಿನ ಎರಡು ಮೂಲೆಗಳನ್ನು ತೊಲೆಗೆ ಎರಡೆರಡು ಸುತ್ತು ಸುತ್ತಿ ಬಿಗಿದಳು. ಕೆಳಗಿನ ಮೂಲೆಗಳನ್ನು ಕಂಬಕ್ಕೆ, ಚೂರು ಸಡಿಲ ಬಿಟ್ಟು ಕಟ್ಟಿದಳು. ಆಮೇಲೆ ಸ್ಟೂಲು ಹತ್ತಿ, ಬಲೂನುಗಳ ನಡುವಿನ ಖಾಲಿ ನೀಲಿಯಲ್ಲಿ ಕತ್ತರಿಯಿಂದ ಅರ್ಧಚಂದ್ರದಂಥ ಸೀಳುಗಳನ್ನು ಮಾಡತೊಡಗಿದಳು. ಗಾಳಿ ಬಂದರೆ ಆ ಸೀಳುಗಳಲ್ಲಿ ತೂರಿ ಹೋಗಬೇಕು, ಚೌಕಟ್ಟನ್ನು ತಳ್ಳಬಾರದು.

ಐದನೆಯ ಸೀಳಿನ ಹೊತ್ತಿಗೆ ಜೀಪು ಬಂತು. ಮಗ್ಗೆಯಿಂದ ಪಾರ್ವತಮ್ಮನ ಅಕ್ಕ ಗುರುಶಾಂತಮ್ಮ ಇಳಿದರು. ಇಳಿದವರು ಅಂಗಳದಲ್ಲೇ ನಿಂತುಬಿಟ್ಟರು.

"ಪಾರ್ವತೀ, ಬಾರೇ ಇಲ್ಲಿ! ನಿನ್ನ ಮೊಮ್ಮಗನ ಮುಖಕ್ಕೆ ಕತ್ತರಿ ಹಾಕ್ತಾವ್ಳೆ ನೋಡು ನಿನ್ನ ಹಿರೇ ಸೊಸೆ!"

"ಮುಖಕ್ಕಲ್ಲ ದೊಡ್ಡತ್ತೆ, ಖಾಲಿ ಜಾಗಕ್ಕೆ. ಗಾಳಿ ಹೋಗಕ್ಕೆ ದಾರಿ ಬೇಕು."

"ದಾರಿ ಬೇಕಂತೆ ದಾರಿ! ನಿನ್ನ ಗಂಡಂಗೂ ಹಿಂಗೇ ದಾರಿ ಮಾಡ್ಕೊಟ್ಯೇನೇ?"

ಶಿವಲೀಲಾ ಸ್ಟೂಲಿನಿಂದ ಇಳಿದಳು. ಪಾರ್ವತಮ್ಮ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸುತ್ತ ನಿಂತರು.

"ಈ ಮನೇಲಿ ಮುತ್ತೈದೇರಿಗೆ ಬರ ಬಂದೈತೇನೇ? ಗಂಡು ಮಗೀನ ಮೊದಲ್ನೇ ವರ್ಷ. ಆ ಹಗ್ಗ ಬೇರೆ, ಎಷ್ಟು ಹೆಣದ ಮನೆ ಚಪ್ಪರ ಕಟ್ಟೈತೋ ಏನೋ! ಲೇ ರೇಣುಕ, ಬಿಚ್ಚೋ ಮೊದ್ಲು. ಹೊಸಾ ದಾರ ತಂದು ಕಟ್ಟು. ಮೊದಲ್ನೇ ಗಂಟು ನಿನ್ನ ಹೆಂಡ್ತಿ ಕೈಲಿ ಹಾಕ್ಸು."

"ಅಲ್ಲ ದೊಡ್ಡವ್ವ, ಅತ್ಗೆಗೆ ಈ ಕೆಲ್ಸ ಗೊತ್ತು..."

"ನಂಗೇ ಎದುರು ಮಾತಾಡ್ತೀಯಾ? ಆಮೇಲೆ ಏನಾರ ಆದ್ರೆ ನನ್ನ ಕೇಳ್ಬೇಡ ಕಣೋ."

ಆ ಮಾತಿಗೆ ರೇಣುಕಪ್ಪ ಹೆದರಿದ. ಶಿವಲೀಲಾ ಸ್ನೇಹಾಳ ಕಡೆ ನೋಡಿದಳು. ಕಟ್ಟಿ ಎಂದು ಹೇಳಿದವಳು ಅವಳೇ ಅಲ್ಲವೇ? ಸ್ನೇಹಾ ತಲೆ ತಗ್ಗಿಸಿ ಬಳೆ ಸರಿಮಾಡಿಕೊಳ್ಳುತ್ತಿದ್ದಳು.

"ಆರತಿ ಮುಗಿಯೋಗಂಟ ನೀನು ಒಳಗೇ ಇರು ಲೀಲಾ" ಎಂದರು ಪಾರ್ವತಮ್ಮ, ಮೆಲ್ಲಗೆ.

ಅಡುಗೆಮನೆಯ ಕಿಟಕಿಯಿಂದ ಜಗಲಿ ಪೂರಾ ಕಾಣುತ್ತಿತ್ತು. ಅವಳು ಕೋಸಂಬರಿಗೆ ಸೌತೆ ಹೆಚ್ಚುತ್ತ ನೋಡಿದಳು. ರೇಣುಕಪ್ಪ ಅವಳ ಗಂಟುಗಳನ್ನು ಬಿಚ್ಚಿದ. ಬರದಿದ್ದ ಒಂದನ್ನು ಕುಡುಗೋಲಿನಿಂದ ಕೊಯ್ದ. ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವ ಪ್ಲಾಸ್ಟಿಕ್ ದಾರದ ಹೊಸ ಉಂಡೆ ತಂದ. ಸ್ನೇಹಾ ಗಂಟಿಗೆ ಬೆರಳು ಮುಟ್ಟಿಸಿದಳು. ತೊಲೆಯ ಮೇಲೆ ದಾರ ಸುತ್ತುವುದು ಕಷ್ಟವೆಂದು ಅವನು ಹೆಂಚಿನ ಕೆಳಗಿನ ತೆಳ್ಳನೆಯ ಮರದ ಪಟ್ಟಿಗೆ, ರೀಪರಿಗೇ ಕಟ್ಟಿದ. ಗೆದ್ದಲು ತಿಂದಿದ್ದ ರೀಪರು. ಕೆಳಗಿನ ಮೂಲೆಗಳನ್ನು ಕಟ್ಟಲೇ ಇಲ್ಲ. ಕೊನೆಗೆ ಸ್ಟೂಲು ಹತ್ತಿ ಹಿಂದಿನಿಂದ ಐದೂ ಸೀಳುಗಳಿಗೆ ಟೇಪು ಹಚ್ಚಿ ಮುಚ್ಚಿದ. ಬ್ಯಾನರಿನ ನೇರ ಕೆಳಗೆ ಕೇಕಿನ ಮೇಜು ಇಟ್ಟರು.

ಇದು ನಿಲ್ಲುವುದಿಲ್ಲ. ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು.

ಒಂದು ಮಾತು ಸಾಕಿತ್ತು. ರೇಣುಕಪ್ಪ, ತೊಲೆಗೆ ಕಟ್ಟಪ್ಪ ಎಂದರೆ ಮುಗಿಯುತ್ತಿತ್ತು. ಹೋಗಲಿ, ಮೇಜನ್ನು ಆಚೆಗೆ ಸರಿಸಿ ಎಂದರೂ ಆಗುತ್ತಿತ್ತು. ಅವಳು ಚಾಕು ಇಟ್ಟು ನಡುಮನೆಯ ಬಾಗಿಲವರೆಗೆ ಬಂದಳು. ಜಗಲಿಯಲ್ಲಿ ಗುರುಶಾಂತಮ್ಮ ಯಾರಿಗೋ ಹೇಳುತ್ತಿದ್ದರು: "ಮಗೀನೂ ಅವಳ ಕೈಗೇ ಕೊಟ್ಟವ್ರೆ ಕಣಮ್ಮ. ಇವತ್ತೊಂದಿನ ಬಿಡಿಸ್ದೆ." ಜನ ನಕ್ಕರು. ನಕ್ಕವರಲ್ಲಿ ಸ್ನೇಹಾಳ ದನಿಯೂ ಇದ್ದಂತೆ ಶಿವಲೀಲಾಳಿಗೆ ಕೇಳಿಸಿತು. ಇತ್ತೋ ಇಲ್ಲವೋ, ಅವಳು ಹೊಸ್ತಿಲು ದಾಟಲಿಲ್ಲ.

ಬೀಳಲಿ.

ಆ ಮಾತು ಅವಳೊಳಗೆ ತಾನಾಗಿ ಹುಟ್ಟಿತೋ, ಅವಳೇ ಹುಟ್ಟಿಸಿದಳೋ. ನಾಲ್ಕು ಜನರ ಮುಂದೆ ಬೀಳಲಿ, ಯಾರ ಕೈಗೆ ಏನು ಗೊತ್ತು ಎನ್ನುವುದು ತಿಳಿಯಲಿ. ಅವಳು ತಿರುಗಿ ಬಂದು ಸೌತೆಕಾಯಿಯ ಮುಂದೆ ಕೂತಳು.

ನಾಲ್ಕೂಕಾಲಿಗೆ ಆರತಿ ಶುರುವಾಯಿತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಬ್ಯಾನರು ಬಸುರಿಯ ಹೊಟ್ಟೆಯಂತೆ ಉಬ್ಬಿತು, ಒಳಕ್ಕೆ ಸೇದಿಕೊಂಡಿತು, ಮತ್ತೆ ಉಬ್ಬಿತು. ರೀಪರು ಮುರಿದ ಸದ್ದಿಗೆ ಶಿವಲೀಲಾ ಎದ್ದು ಓಡಿದಳು. ಅವಳು ಬಾಗಿಲಿಗೆ ಬರುವಾಗ ಚೌಕಟ್ಟು ಒಂದೇ ಬದಿಯಲ್ಲಿ ಜೋತು ಬೀಸಿ ಬರುತ್ತಿತ್ತು. ಸ್ನೇಹಾ ಮಗುವನ್ನು ಎದೆಗೆ ಒತ್ತಿಕೊಂಡು ಬಾಗಿದಳು. ಮೂಲೆಯ ಮೊಳೆ ಅವಳ ಬಲಗಣ್ಣಿಗೆ ಬಡಿಯಿತು. ಹಿಂದೆಯೇ ನಾಲ್ಕೈದು ಹೆಂಚು ಮೇಜಿನ ಮೇಲೆ ಬಿದ್ದವು.

ಮಗುವಿಗೆ ಏನೂ ಆಗಲಿಲ್ಲ. ಸ್ನೇಹಾಳನ್ನು ಜೀಪಿನಲ್ಲಿ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಒಯ್ದರು. ಕಣ್ಣು ಉಳಿಯಲಿಲ್ಲ.

ಹನ್ನೆರಡು ದಿನ ಶಿವಲೀಲಾ ಮಗುವನ್ನು ನೋಡಿಕೊಂಡಳು. ಬೇರೆ ಯಾರ ಕೈಯಲ್ಲೂ ಅದು ಉಣ್ಣದ್ದರಿಂದ ಅವಳನ್ನು ದೂರ ಇಡುವಂತಿರಲಿಲ್ಲ. ನಡುಮನೆಯಲ್ಲಿ ಬಣ್ಣದ ಅಕ್ಷರಗಳು ಕಟ್ಟಿದ ಹಾಗೇ ಇದ್ದವು. ಅವನ್ನು ಮುಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಊರಿಗೆ ಹೊರಡುವಾಗ ಗುರುಶಾಂತಮ್ಮ ಬಾಗಿಲಲ್ಲಿ ನಿಂತು, "ಕತ್ತರಿ ಹಾಕ್ದಾಗ್ಲೇ ನಾನು ಅಂದೆ" ಎಂದರು. ಅದೇ ಊರೆಲ್ಲ ಹರಡಿತು. ಆ ಸೀಳಿನಿಂದಲೇ ಗಾಳಿ ನುಗ್ಗಿ ಬ್ಯಾನರು ಹರಿಯಿತಂತೆ. ಬಿದ್ದ ಫ್ಲೆಕ್ಸನ್ನು ಅವಳು ಹಿತ್ತಿಲಲ್ಲಿ ಬಿಡಿಸಿ ನೋಡಿದ್ದಳು. ಐದೂ ಸೀಳಿನ ಮೇಲೆ ಟೇಪು ಹಚ್ಚಿದಂತೆಯೇ ಇತ್ತು. ಮಾರನೆಯ ದಿನ ರೇಣುಕಪ್ಪ ಅದನ್ನು ಬಚ್ಚಲೊಲೆಗೆ ತುಂಬಿ ಸುಟ್ಟ. ಸುಡುವಾಗ ಅತ್ತಿಗೆಯ ಮುಖ ನೋಡಲಿಲ್ಲ. ಅವಳೂ ಅವನನ್ನು ಏನೂ ಕೇಳಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಳ್ಳುವುದು, ಮಾಡಿದ್ದನ್ನು ನೆನೆಯುವುದಕ್ಕಿಂತ ಹಗುರವಾಗಿತ್ತು.

ಸ್ನೇಹಾ ಬಂದ ದಿನ ಸಂಜೆ ಶಿವಲೀಲಾ ಮಗುವನ್ನೆತ್ತಿಕೊಂಡು ಅವಳ ಕೋಣೆಗೆ ಹೋದಳು. ಅರ್ಧ ಮುಖಕ್ಕೆ ಪಟ್ಟಿ. ಮಗು ಅದನ್ನು ನೋಡಿ ಶಿವಲೀಲಾಳ ಕತ್ತಿಗೆ ಮುಖ ಒತ್ತಿಕೊಂಡಿತು.

"ಎಲ್ಲಾರೂ ನಿಮ್ಮ ಮೇಲೆ ಹಾಕ್ತಿದಾರಂತೆ" ಎಂದಳು ಸ್ನೇಹಾ. "ನಾನು ಅದನ್ನ ನಂಬಲ್ಲ ಅಕ್ಕ. ಅವತ್ತು ನಾನೊಂದು ಮಾತು ಆಡಬೇಕಿತ್ತು. ಆಡಲಿಲ್ಲ."

"ಹೋಗ್ಲಿ ಬಿಡು. ಈಗ್ಯಾಕೆ."

"ಇವರು ಕಟ್ಟೋವಾಗ ನೀವು ಕಿಟಕೀಲಿ ಇದ್ರಿ. ನಾನು ನೋಡಿದೆ." ಪಟ್ಟಿ ಕಟ್ಟಿದ ಮುಖವನ್ನು ಅವಳತ್ತ ತಿರುಗಿಸಿದಳು. "ಬೀಳುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎಂದರೆ ಸಾಕಿತ್ತು. ಸ್ನೇಹಾ ನಂಬಲು ಕಾದಿದ್ದಳು. ಆಗ ನಾಳೆಯೂ ಈ ಮಗುವಿಗೆ ಅನ್ನ ಕಲಸಬಹುದು, ನಾಡಿದ್ದೂ ಮಲಗಿಸಬಹುದು. ಮಗುವಿನ ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಶಿವಲೀಲಾ ಆ ಉಳಿದ ಒಂದು ಕಣ್ಣನ್ನು ನೋಡಿದಳು.

"ಗೊತ್ತಿತ್ತು" ಎಂದಳು.

ಹೊರಗೆ ಯಾರೋ ಕಣದ ಕಾಫಿಯನ್ನು ಗೋರುತ್ತಿದ್ದರು. ಆ ಸದ್ದು ನಿಂತಿತು.

"ಮಗೂನ ಕೊಡಿ" ಎಂದಳು ಸ್ನೇಹಾ.

ಅವಳು ಕೈ ಚಾಚಿದಳು. ಒಂದೇ ಕಣ್ಣಿಗೆ ದೂರದ ಅಂದಾಜು ಇನ್ನೂ ಸಿಕ್ಕಿರಲಿಲ್ಲ. ಕೈಗಳು ಮಗುವಿನಿಂದ ಒಂದು ಗೇಣು ಈಚೆಗೇ ಗಾಳಿಯಲ್ಲಿ ಮುಚ್ಚಿಕೊಂಡವು. ಶಿವಲೀಲಾ ಒಂದು ಹೆಜ್ಜೆ ಮುಂದೆ ಹೋಗಿ, ಅಳುತ್ತಿದ್ದ ಮಗುವಿನ ಬೆರಳುಗಳನ್ನು ತನ್ನ ಸೆರಗಿನಿಂದ ಒಂದೊಂದಾಗಿ ಬಿಡಿಸಿ, ಅದನ್ನು ಆ ಕೈಗಳೊಳಗೆ ಇಟ್ಟಳು.