ಮಿಂಚುವ ಕಪ್ಪು

ಬಣ್ಣದಂಗಡಿ ಯಜಮಾನನಿಗೆ ಬಿಳಿಯೊಳಗೇ ಹತ್ತಾರು ಬಿಳಿ ಕಾಣುತ್ತಿತ್ತು. ಮಿಂಚುವ ಗ್ಲಾಸಿ ಬೇಕೋ, ಮಂಕಾದ ಮ್ಯಾಟ್ ಬೇಕೋ ಹೇಳಲಾರದೆ ಗಿರಾಕಿ ತಡವರಿಸಿದರೆ ಸಾಕು, "ಕಣ್ಣು ಮನೇಲಿಟ್ಟು ಬಂದ್ಯೇನಪ್ಪಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವ ಆಸಾಮಿ. ಇಂಥ ಮಹಾನುಭಾವ ಕೆಲವು ದಿನಗಳಿಂದ ಕಕ್ಕಸಿನಲ್ಲಿ ಮಾತ್ರ ಕುರುಡನಾಗಿದ್ದ.

ಹೆಂಡತಿಗೆ ಆ ಭಾಗ್ಯವಿರಲಿಲ್ಲ. ನೆಟ್ಟಗೆ ನೀರು ಹಾಕುವ ಅಭ್ಯಾಸವೂ ಆತನಿಗಿಲ್ಲ, ತಿಕ್ಕಿ ತೊಳೆಯುವವಳು ಅವಳೇ. ಅಂಟಿಕೊಂಡದ್ದು ಬ್ರಷ್ಷಿಗೂ ಜಗ್ಗುತ್ತಿರಲಿಲ್ಲ.

"ರೀ, ನಿಮಗೆ ಎರಡಕ್ಕೆ ಕಪ್ಪಗೆ ಹೋಗ್ತಿದೆ. ಡಾಕ್ಟ್ರಿಗೆ ತೋರ್ಸಿ."

"ಥೂ, ಊಟದ ಹೊತ್ತಲ್ಲಿ ಇದೇನು ಮಾತು? ಮೊಣಕಾಲು ನೋವಿಗೆ ಮಾತ್ರೆ ತಗೋತಿದೀನಲ್ಲ, ಹಳೇ ಕಲ್ಮಶ ಕಿತ್ಕೊಂಡು ಬರ್ತಿದೆ. ಒಳ್ಳೇದೇ."

ನೋವಿನ ಮಾತ್ರೆಗೆ ಹೊಟ್ಟೆ ಗುಡಿಸುವ ಕೆಲಸ ವಹಿಸಿದ ಆ ಜಾಣ, ಅದೇ ವಾರ ಅಂಗಡಿಯ ಏಣಿ ಹತ್ತಲು ಹೋಗಿ ತಲೆ ತಿರುಗಿ ಕುಸಿದ. ಮುಖದಲ್ಲಿ ರಕ್ತವೇ ಇಲ್ಲ. ಹೆಂಡತಿ ರಟ್ಟೆ ಹಿಡಿದು ಎಳೆದುಕೊಂಡೇ ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಅವನ ಅಂಗಡಿಯ ಗಿರಾಕಿಗಳೇ ಆದ ಇಬ್ಬರು ಪೇಂಟರುಗಳು.

"ಮೋಷನ್ ಹೇಗಿದೆ?"

"ಫಸ್ಟ್ ಕ್ಲಾಸ್."

"ಬಣ್ಣ?"

"ಮಾಮೂಲಿ, ಕಂದು," ಎಂದ, ಬೆಂಚಿಗೂ ಕೇಳುವ ಹಾಗೆ.

ಹೆಂಡತಿಗೆ ಮೈಯೆಲ್ಲ ಉರಿಯಿತು. ಕುರ್ಚಿಯಿಂದ ಜಾರಿ ಬೀಳುವಂತಿದ್ದಾನೆ, ಇನ್ನೂ ಮರ್ಯಾದೆ ಕಾಯುತ್ತಿದ್ದಾನೆ! ಆ ಮರ್ಯಾದೆಯಾದರೂ ಎಷ್ಟಿತ್ತು ಮಹಾ!

"ಸುಳ್ಳು, ಡಾಕ್ಟ್ರೇ. ಕಪ್ಪಗಿದೆ."

"ಕಬ್ಬಿಣದ ಮಾತ್ರೆ ತಗೊಂಡ್ರೂ ಕಪ್ಪಾಗುತ್ತಮ್ಮ."

"ಅದೆಲ್ಲ ಏನೂ ಇಲ್ಲ. ಬರೀ ಮೊಣಕಾಲಿನ ಮಾತ್ರೆ, ಅದೂ ಕಡಲೆ ತಿಂದ ಹಾಗೆ."

"ಹೊಳೀತಿತ್ತಾ? ಅಂಟಂಟಾಗಿತ್ತಾ?"

ಅವಳು ಗಂಡನ ಕಡೆ ತಿರುಗಿದಳು. "ಬಾಯಿ ಬಿಡ್ರೀ! ಗ್ಲಾಸಿಯೋ, ಮ್ಯಾಟೋ? ಊರಿಗೆಲ್ಲ ಪಾಠ ಹೇಳ್ತೀರಲ್ಲ!"

"ಗ್ಲಾಸಿ," ಎಂದುಬಿಟ್ಟ. ಕಸುಬಿನ ಚಟ ನಾಚಿಕೆಗಿಂತ ಮೊದಲೇ ಬಾಯಿಂದ ಹಾರಿತ್ತು. "ಫುಲ್ ಗ್ಲಾಸಿ. ಥೇಟ್ ಡಾಂಬರು."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರಮ್ಮ ನಗಲಿಲ್ಲ.

"ಹೊಟ್ಟೆ ಒಳಗೆ ರಕ್ತ ಸೋರ್ತಿರಬೇಕು. ಕರುಳಲ್ಲಿ ಇಳೀತಾ ಇಳೀತಾ ಅದೇ ಹೀಗೆ ಕಪ್ಪಾಗುತ್ತೆ. ಆ ನೋವಿನ ಮಾತ್ರೆಯಿಂದ್ಲೇ ಹುಣ್ಣಾಗಿರಬೇಕು, ಇನ್ನು ಅದನ್ನ ಮುಟ್ಟಬೇಡಿ. ಈಗಿಂದೀಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ."

ಅಲ್ಲಿ ಬಾಯಿಂದ ನಳಿಕೆ ಇಳಿಸಿ ನೋಡಿದರು. ಹುಣ್ಣು ಸಿಕ್ಕಿತು, ಸೋರುವುದನ್ನು ನಿಲ್ಲಿಸಿದರು, ಬಾಟಲಿಗಟ್ಟಲೆ ರಕ್ತ ಕೊಟ್ಟರು. ಮುಖಕ್ಕೆ ಕಳೆ ಬಂದಿದ್ದೇ ತಡ, ಧಿಮಾಕೂ ಬಂತು. ನೋಡಲು ಬಂದ ಹೆಂಡತಿಯ ತಮ್ಮ, "ಏನಾಯ್ತು ಭಾವ?" ಎಂದರೆ ಎದೆ ಮೇಲೆ ಕೈಯಿಟ್ಟುಕೊಂಡು, "ಹಾರ್ಟು ಕಣಯ್ಯಾ..." ಎಂದ.

"ಹಾರ್ಟ್ ಇದ್ದಿದ್ರೆ ತಾನೇ!" ಹೆಂಡತಿಯ ದನಿ ವಾರ್ಡಿನ ಆ ತುದಿಗೂ ಮುಟ್ಟಿತು. "ಹೊಟ್ಟೇಲಿ ಹುಣ್ಣು ಕಣೋ. ಕಪ್ಪಗೆ ಹೋಗ್ತಿತ್ತು. ನಾನು ನೋಡಿದ್ದಕ್ಕೆ ಉಳ್ಕೊಂಡ್ರು."

"ಅಕ್ಕಾ, ಮೆಲ್ಲಗೆ!"

"ಯಾಕೋ? ಮೆಲ್ಲಗೆ ಹೇಳಿದ್ರೆ ಕೇಳೋ ಪೈಕಿನಾ ಇವರು?"