ಮಡಿಚಿದವರ ಸಹಿ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗುವ ಹೊತ್ತು. ಈರುಳ್ಳಿ ಕಿತ್ತು ಐದು ದಿನವಾಗಿತ್ತು. ಅಂಗಳದ ತುಂಬ ಹರಡಿದ್ದ ಗಡ್ಡೆಗಳ ಎಲೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಕಾಲಿಟ್ಟಲ್ಲೆಲ್ಲ ಸರಸರ ಸದ್ದು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಆರರಿಂದ ಎದುರುಬದುರು ಕೂತು ದಂಟು ಕತ್ತರಿಸುತ್ತಿದ್ದರು. ಆಕೆ ಗಡ್ಡೆಯ ಮೇಲೆ ಎರಡು ಬೆರಳಗಲ ಬಿಟ್ಟು ಕತ್ತರಿಸಿ, ಸಡಿಲ ಸಿಪ್ಪೆಯನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆದು ಬುಟ್ಟಿಗೆ ಹಾಕುವಳು. ಗಂಡ ಎರಡು ಮುಗಿಸುವಷ್ಟರಲ್ಲಿ ಆಕೆಯದು ಐದು ಆಗುತ್ತಿತ್ತು. ಇವತ್ತು ಗಂಡನ ಕೈ ಇನ್ನೂ ನಿಧಾನ.

"ಗಡ್ಡೆಗೇ ಬಂತು ನೋಡಿ ನಿಮ್ಮ ಚಾಕು," ಅಂದಳು ಆಕೆ. "ಹಂಗೆ ಬೋಳಿಸಿಬಿಟ್ರೆ ತಿಂಗಳೊಪ್ಪತ್ತಿಗೆ ಕೊಳೆತುಹೋಗುತ್ತೆ. ಮನಸ್ಸು ಎಲ್ಲಿಟ್ಟಿದ್ದೀರಿ?"

"ಇಲ್ಲೇ ಇದೆ."

"ಇಲ್ಲಿಲ್ಲ. ಅಂಗಿ ಜೇಬಲ್ಲಿದೆ. ನಾಲ್ಕು ದಿನದಿಂದ ನೋಡ್ತಾ ಇದ್ದೀನಿ, ಉಣ್ಣೋವಾಗ ಒಂದ್ಸಲ ಮುಟ್ಟಿ ನೋಡ್ಕೋತೀರಿ, ಮಲಗೋವಾಗ ಒಂದ್ಸಲ."

ಜೇಬಿನಲ್ಲಿದ್ದದ್ದು ಒಂದು ಪತ್ರ. ಗುಡ್ಡದಾಚೆಯ ವಿಮಾನ ಮೈದಾನದಿಂದ ಬಂದದ್ದು. ಅಲ್ಲಿ ಮೊದಲ ವಿಮಾನ ಇಳಿದು ಈ ಭಾನುವಾರಕ್ಕೆ ಐವತ್ತು ವರ್ಷ. ಆ ಲೆಕ್ಕಕ್ಕೆ ಒಂದು ಸಮಾರಂಭ, ವಿಮಾನ ನಿಲ್ಲಿಸುತ್ತಿದ್ದ ಹಳೆಯ ಶೆಡ್ಡಿನಲ್ಲಿ ಒಂದು ಪ್ರದರ್ಶನ. ಮೊದಲು ಇಳಿದ ವಿಮಾನದ ಮರದ ಪ್ರೊಪೆಲ್ಲರ್ ಇಡುತ್ತಾರಂತೆ, ಅಲ್ಲಿ ಹಾರಾಟ ಕಲಿತ ಮೊದಲ ಹೆಣ್ಣುಮಗಳ ಚಿತ್ರ ಇಡುತ್ತಾರಂತೆ. ಜೊತೆಗೆ, ಆ ಮೈದಾನದ ಮೇಲೆ ಒಂದು ಜೀವ ಉಳಿಸಿದ ಮೊದಲ ಪ್ಯಾರಾಚೂಟ್ ಮತ್ತು ಅದರ ಚೀಲದಲ್ಲಿದ್ದ ಕಾರ್ಡು. ಕಾರ್ಡನ್ನು ದೊಡ್ಡದು ಮಾಡಿಸಿ ಗಾಜಿನೊಳಗೆ ತೂಗುಹಾಕುತ್ತಾರೆ. ಅದರ ಕೊನೆಯ ಸಾಲು 'ಮಡಿಚಿದವರ ಸಹಿ'. ಆ ಸಾಲಿನ ಮುಂದೆ ಇರುವುದು ಇವರ ಸಹಿ. ತಾವು ವೇದಿಕೆಗೆ ಬಂದು ಆ ದಿನದ ಬಗ್ಗೆ ಎರಡು ಮಾತಾಡಬೇಕು ಎಂದು ಪತ್ರ ಮುಗಿದಿತ್ತು.

ಊರವರಿಗೆ ಅವರು ಮಡಿಕೆ ಮೇಷ್ಟ್ರು. ಶಾಲೆಯಲ್ಲಿ ಒಂದಕ್ಷರ ಕಲಿಸಿದವರಲ್ಲ. ಹಾರುವವರು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ನೇತುಹಾಕಿ, ಮತ್ತೆ ಮಡಿಚಿ ಚೀಲಕ್ಕೆ ತುಂಬುವ ಕೆಲಸ ಇಪ್ಪತ್ತೆಂಟು ವರ್ಷ ಮಾಡಿದರು. ಬಳಸಲಿ ಬಿಡಲಿ, ತಿಂಗಳಾದರೆ ಬಿಚ್ಚಲೇಬೇಕು. ಮಡಿಕೆಯಲ್ಲೇ ಕೂತ ಬಟ್ಟೆ ಮಡಿಕೆಗೇ ಒಗ್ಗಿಹೋಗುತ್ತದೆ. ಪರವಾನಗಿ ಇದ್ದವನೇ ಮಡಿಚಬೇಕು, ಮಡಿಚಿದವನೇ ಸಹಿ ಹಾಕಬೇಕು. ಇನ್ನೊಬ್ಬರು ಮಡಿಚಿದ್ದಕ್ಕೆ ಸಹಿ ಹಾಕಿದರೆ ಅವತ್ತೇ ಮನೆಗೆ. ಮಡಿಕೆ ಕೋಣೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದೇ ಇಟ್ಟಿದ್ದರು.

ಆಕೆಗೂ ಅದೇ ಕೋಣೆಯಲ್ಲಿ ಕೆಲಸವಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಹರಿದದ್ದು, ಸವೆದದ್ದು ಹೊಲಿಯುವುದು. ಹೊಲಿಯುತ್ತಲೇ ನೋಡಿ ನೋಡಿ ಮಡಿಚುವುದನ್ನೂ ಕಲಿತಿದ್ದಳು. ಮದುವೆಯಾಗಿ ಮೂರನೇ ವರ್ಷ. ಒಂದು ಬುಧವಾರ ಮೇಷ್ಟ್ರು ಮಧ್ಯಾಹ್ನವೇ ಕೆಲಸ ಬಿಟ್ಟು ಯಾರಿಗೂ ಹೇಳದೆ ಹೊರಗೆ ಹೋದರು. ಗುಡ್ಡದ ಈಚೆ ಒಂದು ಹೊಲ ಮಾರಾಟಕ್ಕಿದೆ, ತಡಮಾಡಿದರೆ ಕೈತಪ್ಪುತ್ತದೆ ಎಂದು ಯಾರೋ ಹೇಳಿದ್ದರು. ಈಗ ಇಬ್ಬರೂ ಕೂತಿದ್ದಾರಲ್ಲ, ಈ ಅಂಗಳ, ಮನೆ ಇರುವುದು ಅದೇ ಹೊಲದಲ್ಲಿ. ಸಂಜೆ ಓಡೋಡಿ ವಾಪಸು ಬಂದಾಗ ಮೇಜಿನ ಮೇಲೆ ಬಿಚ್ಚಿಟ್ಟು ಹೋಗಿದ್ದ ಪ್ಯಾರಾಚೂಟು ಚೀಲ ಸೇರಿ ಕೂತಿತ್ತು.

"ನಾಳೆ ಬೆಳಗ್ಗೆ ಬೇಕು ಅಂತ ಎರಡು ಸಲ ಕೇಳ್ಕೊಂಡು ಬಂದಿದ್ರು," ಅಂದಿದ್ದಳು ಆಕೆ. "ಮಡಿಚಿಟ್ಟಿದ್ದೀನಿ. ಒಂದ್ಸಲ ಬಿಚ್ಚಿ ನೋಡಿ."

ಬಿಚ್ಚಿ ನೋಡಿದ್ದರೆ ಮತ್ತೆ ಮಡಿಚಲು ಒಂದು ಗಂಟೆ. ಕೊನೆಯ ಗಾಡಿ ಹೊರಡುವುದರಲ್ಲಿತ್ತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು.

ಹನ್ನೊಂದು ದಿನಕ್ಕೆ, ಹಾರಾಟ ಕಲಿಯುತ್ತಿದ್ದ ಇಪ್ಪತ್ತೆರಡರ ಹುಡುಗನೊಬ್ಬನ ವಿಮಾನಕ್ಕೆ ಆಕಾಶದಲ್ಲಿ ಬೆಂಕಿ ಹತ್ತಿತು. ಬೆನ್ನಿಗಿದ್ದದ್ದು ಅದೇ ಪ್ಯಾರಾಚೂಟು. ಹುಡುಗ ಹಾರಿಕೊಂಡ. ನೆಲ ಹತ್ತಿರವಿತ್ತು, ಒಂದು ಉಸಿರು ತಡವಾಗಿ ಬಿಚ್ಚಿದ್ದರೂ ಉಳಿಯುತ್ತಿರಲಿಲ್ಲ ಅಂದರು ನೋಡಿದವರು. ಬಿಚ್ಚಿತು. ಜೋಳದ ಹೊಲದಲ್ಲಿ ಇಳಿದ. ಒಂದು ಕಾಲು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿ ಕಾರ್ಡು ಹಿಡಿದು, "ಮಡಿಚಿದ್ದು ನೀವೇನಾ?" ಅಂದ. ಮೇಷ್ಟ್ರು ಹೊಲಿಗೆ ಯಂತ್ರದ ಕಡೆ ನೋಡಿದರು. ಆಕೆ ತಲೆ ಎತ್ತಲಿಲ್ಲ. "ಹೌದು ಸಾರ್, ನಾನೇ" ಅಂದರು. ಇಲ್ಲ ಅಂದಿದ್ದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತಿತ್ತು. ಅವತ್ತಿನ ಮಟ್ಟಿಗೆ ಆ ಮಾತು ತಪ್ಪೆಂದು ಅವರಿಗೆ ಈಗಲೂ ಅನ್ನಿಸುವುದಿಲ್ಲ.

ತಪ್ಪಾದದ್ದು ಆಮೇಲೆ. ಮರುವರ್ಷ ಅದೇ ದಿನ ಆ ಹುಡುಗ ಒಂದು ಅಂಗಿ ಬಟ್ಟೆ ಹಿಡಿದುಕೊಂಡು ಮನೆಗೆ ಬಂದ. ಮೇಷ್ಟ್ರ ಎರಡೂ ಕೈ ಹಿಡಿದು ಅತ್ತ. ಅದರ ಮುಂದಿನ ವರ್ಷವೂ ಬಂದ. ಕೆಲಸಕ್ಕೆ ಸೇರಿ ಬಂದ, ಮದುವೆಯಾಗಿ ಬಂದ, ಮುನ್ನೂರು ಜನ ಕೂರುವ ವಿಮಾನದ ಕ್ಯಾಪ್ಟನ್ ಆಗಿ ಬಂದ. ಯಾವ ದೇಶದಲ್ಲಿದ್ದರೂ ಆ ದಿನಕ್ಕೆ ರಜೆ ಹಾಕಿ ಬರುವನು. ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪಿಸಲಿಲ್ಲ. ಮೇಷ್ಟ್ರು ನಿವೃತ್ತರಾಗಿ ಕೆಲಸದ ಭಯ ಹೋಗಿ ಎಷ್ಟೋ ವರ್ಷವಾದರೂ ಬಾಯಿ ಬಿಡಲಿಲ್ಲ. ಕೃತಜ್ಞತೆ ಅನ್ನುವುದು ಬೆಲ್ಲದಂಥದು, ಬೇರೆಯವರ ಪಾಲಿನದಾದರೂ ನಾಲಿಗೆಗೆ ಸಿಹಿಯೇ.

ಆಕೆ ಒಂದೇ ಒಂದು ಸಲ, ಎರಡನೆಯದೋ ಮೂರನೆಯದೋ ವರ್ಷ, ಹೊಸ ಅಂಗಿ ತೊಟ್ಟು ಕನ್ನಡಿ ನೋಡುತ್ತಿದ್ದ ಗಂಡನಿಗೆ, "ಕೈ ಕೆಸರು ನಂದು, ಬಾಯಿ ಮೊಸರು ನಿಮ್ದು" ಅಂದು ನಕ್ಕಿದ್ದಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗಬಹುದಿತ್ತು ಎಂದು ಮೇಷ್ಟ್ರಿಗೆ ಎಷ್ಟೋ ಸಲ ಅನ್ನಿಸಿದೆ.

"ವೇದಿಕೆ ಮೇಲೆ ಏನು ಮಾತಾಡ್ತೀರಿ?" ಬುಟ್ಟಿ ಬದಲಾಯಿಸುತ್ತ ಆಕೆ ಕೇಳಿದಳು.

"ಅದೇ ಯೋಚನೆ."

"ಉದ್ದ ಎಳೀಬೇಡಿ. ನಿಮಗೆ ಮೈಕ್ ಕಂಡ್ರೆ ಕೈ ನಡುಗುತ್ತೆ. ಸೊಸೈಟಿ ಸಭೇಲಿ ವಂದನಾರ್ಪಣೆ ಅಂತ ಎದ್ದು, ವಂದನೆ ಹೇಳೋದೊಂದು ಬಿಟ್ಟು ಎಲ್ಲಾ ಹೇಳಿ ಬಂದಿದ್ರಿ."

ಮೇಷ್ಟ್ರು ನಗಲಿಲ್ಲ. ನಾಲ್ಕು ದಿನದಿಂದ ಅವರನ್ನು ತಿನ್ನುತ್ತಿದ್ದದ್ದು ವೇದಿಕೆಯಲ್ಲ, ಗಾಜು. ಬಾಯಿ ಮಾತಿನ ಸುಳ್ಳು ಆಡಿದವನ ಜೊತೆ ಮಣ್ಣಾಗುತ್ತದೆ. ಗಾಜಿನೊಳಗೆ ಇಟ್ಟದ್ದು ಹಾಗಲ್ಲ. ತಾನು ಹೋದ ಮೇಲೂ, ಆಕೆ ಹೋದ ಮೇಲೂ, ಶಾಲೆ ಮಕ್ಕಳು ಸಾಲಾಗಿ ಬಂದು ಓದಿಕೊಂಡು ಹೋಗುತ್ತವೆ. ಆಕೆಯ ಕೈ ಎಲ್ಲೂ ಇರುವುದಿಲ್ಲ.

ಹನ್ನೊಂದು ಗಂಟೆಗೆ ರಸ್ತೆ ತಿರುವಿನಲ್ಲಿ ಕಾರು ನಿಂತಿತು. ಕ್ಯಾಪ್ಟನ್ ಇಳಿದು ಬಂದರು. ಹೊಟ್ಟೆ ಸ್ವಲ್ಪ ಮುಂದೆ, ಕೂದಲು ಸಾಕಷ್ಟು ಹಿಂದೆ. ಕೈಯಲ್ಲಿ ಎಂದಿನ ಹಾಗೆ ಅಂಗಿಯ ಪೊಟ್ಟಣ, ಮನೆಯವರಿಗೆಂದು ಒಂದು ಬಿಸ್ಕತ್ತಿನ ಡಬ್ಬಿ.

"ಮೇಷ್ಟ್ರೇ! ಇನ್ನೂ ಈರುಳ್ಳಿ ಬಿಟ್ಟಿಲ್ವಾ ನೀವು?"

"ನಾವು ಬಿಟ್ರೂ ಅದು ನಮ್ಮನ್ನ ಬಿಡಬೇಕಲ್ಲ. ಬನ್ನಿ, ಒಳಗೆ ಬನ್ನಿ."

"ಚೆನ್ನಾಗಿದ್ದೀರಾ ಅಕ್ಕ?" ಡಬ್ಬಿ ಕೊಡುತ್ತ ಕ್ಯಾಪ್ಟನ್ ಕೇಳಿದರು. ಪ್ರತಿವರ್ಷ ಕೇಳುವ ಮಾತು. "ಇದ್ದೀನಪ್ಪ" ಅಂದು ಆಕೆ ಕಾಫಿಗೆ ಒಳಗೆ ಹೋದಳು. ಕೊಟ್ಟು, ಎಂದಿನಂತೆ ಬಾಗಿಲ ಚೌಕಟ್ಟಿಗೆ ಒರಗಿ ಒಂದು ಗಳಿಗೆ ನಿಂತು, ಅಂಗಳದ ಕೆಲಸಕ್ಕೆ ಹೊರಟಳು.

ಕ್ಯಾಪ್ಟನ್ ಫೋನು ತೆಗೆದು ಮೇಷ್ಟ್ರ ಮುಂದೆ ಹಿಡಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖದ ಮಗು.

"ಮಗಳ ಮಗಳು. ಹುಟ್ಟಿ ಹತ್ತೊಂಬತ್ತು ದಿನ ಆಯ್ತು. ಆಸ್ಪತ್ರೇಲಿ ಕೈಗೆ ಕೊಟ್ರು ನೋಡಿ, ನನಗೆ ಮೊದಲು ನೆನಪಾಗಿದ್ದು ನೀವು. ಅವತ್ತು ಅದು ಬಿಚ್ಚದೆ ಇದ್ದಿದ್ರೆ ನನ್ನ ಮಗಳೂ ಇಲ್ಲ, ಇದೂ ಇಲ್ಲ. ಒಂದು ಮಡಿಕೆ, ಮೇಷ್ಟ್ರೇ. ನಿಮ್ಮ ಒಂದು ಮಡಿಕೆ ನೆಟ್ಟಗಿದ್ದದ್ದಕ್ಕೆ ಮೂರು ತಲೆಮಾರು. ಭಾನುವಾರ ನಾನು ಇದನ್ನೇ ಹೇಳೋನು."

ಮಗುವಿನ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಮೇಷ್ಟ್ರು ಫೋನನ್ನು ಹುಷಾರಾಗಿ ವಾಪಸು ಕೊಟ್ಟರು.

"ಕ್ಯಾಪ್ಟನ್," ಅಂದರು. "ಅದನ್ನ ಮಡಿಚಿದ್ದು ನಾನಲ್ಲ."

"ಏನು?"

"ನಾನು ಅವತ್ತು ಮಧ್ಯಾಹ್ನ ಕೋಣೇಲಿ ಇರಲೇ ಇಲ್ಲ. ಈ ಹೊಲ ನೋಡೋಕೆ ಬಂದಿದ್ದೆ. ಮಡಿಚಿದ್ದು ನನ್ನ ಹೆಂಡ್ತಿ. ನಾನು ಸಂಜೆ ಹೋಗಿ ಸಹಿ ಹಾಕ್ದೆ."

ಕ್ಯಾಪ್ಟನ್ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. "ಬಿಚ್ಚಿ ನೋಡಿ ಹಾಕಿದ್ರಿ, ಅಲ್ವಾ?"

ಹೂಂ ಅಂದಿದ್ದರೆ ನಂಬಿಬಿಡುತ್ತಿದ್ದರು. ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು.

"ಇಲ್ಲ. ನೋಡ್ಲಿಲ್ಲ. ಗಾಡಿ ತಪ್ಪುತ್ತೆ ಅಂತ."

ಕ್ಯಾಪ್ಟನ್ ಲೋಟ ಕೆಳಗಿಟ್ಟರು. ಮೂವತ್ತೊಂದು ವರ್ಷದ ಕೆಳಗೆ ಬಿದ್ದ ಆ ಎತ್ತರದಿಂದ ಇನ್ನೊಂದು ಸಲ ಬೀಳುತ್ತಿರುವವರ ಹಾಗೆ ಕುರ್ಚಿಯ ಕೈ ಹಿಡಿದುಕೊಂಡರು. ಹೊರಗೆ ಚಾಕುವಿನ ಸದ್ದು ಟಕ್, ಟಕ್ ಎಂದು ಕೇಳುತ್ತಿತ್ತು.

"ಯಾಕೆ ಹೇಳ್ಲಿಲ್ಲ ಮೇಷ್ಟ್ರೇ, ಇಷ್ಟು ವರ್ಷ?"

"ಮೊದಲು ಕೆಲಸ ಹೋಗುತ್ತೆ ಅಂತ. ಆಮೇಲೆ... ನೀವು ಬರೋದು ನಿಂತುಹೋಗುತ್ತೆ ಅಂತ." ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ಅವಳಿಗೆ ಬಂದಿದ್ದನ್ನ ನಾನು ಉಂಡೆ. ಭಾನುವಾರ ಗಾಜಿನೊಳಗೆ ಇಡೋ ಮೊದಲು ಹೇಳ್ಬೇಕಿತ್ತು, ಹೇಳಿದ್ದೀನಿ. ಇನ್ನು ನೀವು ಬೈಯಿರಿ, ಬಿಡಿ."

ಕ್ಯಾಪ್ಟನ್ ಬೈಯಲಿಲ್ಲ. ಎದ್ದು ಹೊರಗೆ ಹೋದರು. ಮೇಷ್ಟ್ರು ಹಿಂದೆ ಹೋಗಿ ಬಾಗಿಲಲ್ಲಿ ನಿಂತರು.

"ಬಿಸಿಲಿಗೆ ಯಾಕಪ್ಪ ಬಂದಿರಿ? ಕಣ್ಣುರಿ ಬರುತ್ತೆ, ಈರುಳ್ಳಿ ಇದು," ಅಂದಳು ಆಕೆ. ಕ್ಯಾಪ್ಟನ್ ಕಣ್ಣು ಆಗಲೇ ತುಂಬಿತ್ತು. ಆಕೆ ಅವರನ್ನು ನೋಡಿದಳು, ಅವರ ಹೆಗಲಾಚೆ ಬಾಗಿಲಲ್ಲಿದ್ದ ಗಂಡನನ್ನು ನೋಡಿದಳು. ಚಾಕು ಕೆಳಗಿಟ್ಟಳು.

"ಹೇಳ್ಬಿಟ್ರಾ?"

"ಹೇಳ್ದೆ."

"ಮೂವತ್ತೊಂದು ವರ್ಷ ಬೇಕಾಯ್ತಾ? ನಾನು ಇಪ್ಪತ್ತಕ್ಕೇ ಹೇಳ್ತೀರಿ ಅಂದ್ಕೊಂಡಿದ್ದೆ."

ಕ್ಯಾಪ್ಟನ್ ಈರುಳ್ಳಿ ರಾಶಿಯ ನಡುವೆ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತರು. "ಅಕ್ಕ, ವರ್ಷಕ್ಕೊಂದ್ಸಲ ಬಂದು ನಿಮ್ಮ ಕೈಯ ಕಾಫಿ ಕುಡಿದು ಹೋದೆ. ನಿಮ್ಮ ಕಡೆ ತಿರುಗಿ ಒಂದು ಮಾತು ಹೆಚ್ಚಿಗೆ ಆಡ್ಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟು..."

"ಅದಕ್ಕೇನು, ಡಬ್ಬಿ ಗಟ್ಟಿಯಾಗಿವೆ. ಬೀಜ ಎಲ್ಲಾ ಅದರಲ್ಲೇ ಇಡೋದು." ಆಕೆ ಕೈಗೆ ಅಂಟಿದ ಸಿಪ್ಪೆ ಉದುರಿಸಿಕೊಂಡಳು. "ನನಗೆ ಏನೂ ಬರಲಿಲ್ಲ ಅಂತ ತಿಳ್ಕೋಬೇಡಿ. ಪ್ರತಿವರ್ಷ ಆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಮೊದಲು ಕಡ್ಡಿ ಹಂಗಿದ್ರಿ. ಆಮೇಲೆ ಮೀಸೆ ಬಿಟ್ರಿ, ಒಂದು ಚೂರೂ ಒಪ್ತಿರ್ಲಿಲ್ಲ. ಮದುವೆ ಆದ್ಮೇಲೆ ದಪ್ಪ ಆದ್ರಿ. ಈಗ ನೋಡಿ, ಕೂದಲು ಉದುರ್ತಾ ಇದೆ. ಉಳಿದವರಿಗೆ ಮಾತ್ರ ತಾನೇ ಕೂದಲು ಉದುರೋದು? ಇದೆಲ್ಲಾ ನನ್ನ ಮಡಿಕೆ ಅಂತ ನನ್ನಷ್ಟಕ್ಕೆ ಲೆಕ್ಕ ಇಟ್ಕೊಂಡಿದ್ದೆ. ಸಾಲದಾ?"

ಕ್ಯಾಪ್ಟನ್ ಒಮ್ಮೆ ನಕ್ಕರು, ನಗುವಿನಲ್ಲೇ ಅತ್ತರು. ಬಾಗಿಲಲ್ಲಿದ್ದ ಮೇಷ್ಟ್ರು, ಮದುವೆಯಾಗಿ ಮೂವತ್ನಾಲ್ಕು ವರ್ಷವಾದರೂ ಆ ಲೆಕ್ಕ ತಮಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡರು.

"ಭಾನುವಾರ ಆ ಕಾರ್ಡಿನ ಕೆಳಗೆ ಏನು ಬರೆಸ್ಲಿ ಅಕ್ಕ?"

"ಸಹಿ ಇವರದೇ, ಸುಳ್ಳಲ್ಲ. ಮಡಿಕೆ ನಂದು. ಎರಡೂ ಬರೆಸಿ. ಇವರ ಹೆಸರು ಅಳಿಸ್ಬೇಡಿ. ನೋಡ್ದೆ ಸಹಿ ಹಾಕಿದ್ರು ಅಂದ್ರೆ, ಗಾಡಿ ತಪ್ಪುತ್ತೆ ಅನ್ನೋದೊಂದೇ ಅಲ್ಲ. ನನ್ನ ಕೈ ಮೇಲೆ ನಂಬಿಕೇನೂ ಇತ್ತು. ಆ ಕಾಲದಲ್ಲಿ ಹೊಲಿಯೋ ಹೆಂಗಸಿನ ಕೈಯನ್ನ ಯಾವನು ನಂಬ್ತಿದ್ದ?"

ಮೇಷ್ಟ್ರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದರು.

"ಹೆಂಗೆ ಮಡಿಚಿದ್ರಿ ಅಕ್ಕ ಅದನ್ನ?" ಕ್ಯಾಪ್ಟನ್ ಕೇಳಿದರು. "ನಾನು ಸಾವಿರ ಸಲ ಬೆನ್ನಿಗೆ ಕಟ್ಕೊಂಡಿದ್ದೀನಿ. ಒಂದ್ಸಲವೂ ಮಡಿಚೋದು ನೋಡಿಲ್ಲ."

"ಬಾಯಲ್ಲಿ ಹೇಳೋ ಕೆಲಸ ಅಲ್ಲ ಅದು."

ಆಕೆ ಎದ್ದು ಕೈ ತೊಳೆದು ಬಂದಳು. ಹಗ್ಗದ ಮೇಲೆ ಒಣಗಿದ್ದ ದೊಡ್ಡ ಹೊದಿಕೆಯನ್ನು ಎಳೆದುಕೊಂಡು, ಕಾಲಿನಿಂದ ಈರುಳ್ಳಿ ಸರಿಸಿ ಜಾಗ ಮಾಡಿ, ನೆಲದ ಮೇಲೆ ಉದ್ದಕ್ಕೆ ಹಾಸಿದಳು. "ಆ ತುದಿ ಹಿಡೀರಿ," ಅಂದಳು ಕ್ಯಾಪ್ಟನ್‌ಗೆ. "ಎಳೆದು ಹಿಡೀಬೇಕು. ಸಡಿಲ ಬಿಟ್ರೆ ಮಡಿಕೆ ಕೂರಲ್ಲ. ಹಾಂ, ಹಂಗೆ." ಮಂಡಿಯೂರಿ ಕೂತು, ಬಟ್ಟೆಯ ಅಂಚು ಹಿಡಿದು ಒಂದು ಪದರವನ್ನು ಇನ್ನೊಂದರ ಮೇಲೆ ಮಗುಚಿದಳು, ಅಂಗೈಯಿಂದ ನೀವಿ ಗಾಳಿ ಹೊರಗೆ ಕಳಿಸಿದಳು, ಮತ್ತೊಂದು ಮಗುಚಿದಳು. ಮೂವತ್ತು ವರ್ಷದಿಂದ ಮಡಿಚದ ಕೈ ಎಂದು ಯಾರೂ ಹೇಳುವಂತಿರಲಿಲ್ಲ. ಕ್ಯಾಪ್ಟನ್ ತುದಿ ಹಿಡಿದು, ಪರೀಕ್ಷೆಗೆ ಕೂತವರ ಹಾಗೆ ಉಸಿರು ಬಿಗಿಹಿಡಿದಿದ್ದರು.

ಗುಡ್ಡದ ಕಡೆಯಿಂದ ಸಣ್ಣ ಗಾಳಿ ಬಂತು. ಮಡಿಚಿದ ಭಾಗ ಏಳತೊಡಗಿತು.

"ರೀ, ಸುಮ್ನೆ ನಿಂತಿದ್ದೀರಲ್ಲ," ತಲೆ ಎತ್ತದೆ ಆಕೆ ಅಂದಳು. "ತೂಕ ಇಡಿ."

ಮಡಿಕೆ ಕೋಣೆಯಲ್ಲಾದರೆ ಅದಕ್ಕೆಂದೇ ಸೀಸದ ಗುಂಡು ತುಂಬಿದ ಉದ್ದನೆಯ ಚೀಲಗಳಿದ್ದವು. ಇಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಆಕೆಯ ಎದುರಿಗೆ ಮಂಡಿಯೂರಿ, ಎರಡೂ ಅಂಗೈಗಳನ್ನು ಅಗಲ ಮಾಡಿ, ಆಕೆ ಮಡಿಚಿದ ಬಟ್ಟೆಯ ಮೇಲೆ ಇಟ್ಟರು. ಬಿಸಿಲಿಗೆ ಬೆಚ್ಚಗಾಗಿತ್ತು ಬಟ್ಟೆ. ಗಾಳಿ ಹೋಗುವವರೆಗೂ ಒತ್ತಿ ಹಿಡಿದೇ ಇದ್ದರು.